ಲಕ್ಕಿಸೊಪ್ಪಿನ ಗಂಟು

ಲಕ್ಕಿ ಗಿಡಕ್ಕೆ ಆಡು ಬಾಯಿ ಹಾಕುವುದಿಲ್ಲ. ಮೂಸಿ, ಸೀನಿ, ಮುಂದೆ ಹೋಗುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಐದು ಬೆರಳಿನ ಎಲೆ, ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ. ಹಿಸುಕಿದರೆ ಅದರ ಘಾಟು ಸೋಪಿಗೂ ಬಗ್ಗುವುದಿಲ್ಲ. ಕೂಡ್ಲಿಗಿ ಕಡೆಯ ಗುಡ್ಡದ ಹಳ್ಳದಲ್ಲಿ ಆ ಸೊಪ್ಪು ಕೊಯ್ಯುತ್ತಲೇ ಮುದುಕಿಯಾದ ಅಂಜಿನಕ್ಕನಿಗೂ ಅದೇ ಗುಣ ಅಂಟಿದ್ದರೆ ತಪ್ಪೇನು?

ಸುಗ್ಗಿ ಮುಗಿದ ಕೂಡಲೇ ಊರ ಹೆಂಗಸರು ಅವಳನ್ನು ಕರೆಯುತ್ತಿದ್ದರು. ನೆರಳಲ್ಲಿ ಒಣಗಿಸಿದ ಸೊಪ್ಪನ್ನು ಕಣಜದ ಜೋಳದ ನಡುವೆ ಪದರ ಪದರವಾಗಿ ಹಾಸಿದರೆ ವರ್ಷವಿಡೀ ನುಸಿ ಸುಳಿಯದು. ಗಂಡಸರು ಈ ಕೆಲಸಕ್ಕೆ ತಲೆ ಹಾಕಿದವರಲ್ಲ.

ತೊಂಬತ್ತೇಳರಲ್ಲಿ ಅವಳು ಓಬಳೇಶಪ್ಪ ಸಾಹುಕಾರನ ಕಣಜಕ್ಕೆ ಸೊಪ್ಪು ಹಾಸಿ ಹೊರಬಿದ್ದ ದಿನವೇ ಅವನ ಹೆಂಡತಿ ಕಲ್ಯಾಣಮ್ಮನ ಕಿವಿಯ ಬೆಂಡೋಲೆಯೊಂದು ಕಾಣೆಯಾಯಿತು. ಓಬಳೇಶಪ್ಪ ಹಿಂದೆಮುಂದೆ ನೋಡಲಿಲ್ಲ. ಮನೆಯೆದುರಿನ ಬೇವಿನಕಟ್ಟೆಯಲ್ಲಿ ಅಂಜಿನಕ್ಕನನ್ನು ತಡೆದು, ಗಂಟು ಕಿತ್ತು, ಉಳಿದ ಸೊಪ್ಪನ್ನೆಲ್ಲ ಬೀದಿಗೆ ಸುರಿದ. ಎಲ್ಲರೆದುರು ಅವಳ ಸೆರಗು ಕೊಡವಿಸಿದ. ಏನೂ ಸಿಗದಿದ್ದಾಗ, “ನುಂಗಿರಬೇಕು ಮುದುಕಿ” ಎಂದು ನಕ್ಕ.

ನಾಲ್ಕು ತಿಂಗಳಾದ ಮೇಲೆ ಕಲ್ಯಾಣಮ್ಮ ಅದೇ ಕಣಜದ ಜೋಳ ಕೇರುವಾಗ ಬೆಂಡೋಲೆ ಮೊರದಲ್ಲೇ ಸಿಕ್ಕಿತು. “ಆಕಿಗೆ ಹೇಳಿ ಬರೋಣ್ರಿ” ಎಂದ ಹೆಂಡತಿಯನ್ನು ಅವನು ಗದರಿಸಿ ಬಾಯಿ ಮುಚ್ಚಿಸಿದ. ಸುದ್ದಿ ಮಾತ್ರ ನಿಲ್ಲಲಿಲ್ಲ. ಅಂಜಿನಕ್ಕನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅದೇ ಕಟ್ಟೆ, ಅದೇ ಜನ, ಅವನದೇ ಬಾಯಿಂದ ತಪ್ಪೊಪ್ಪಿಗೆ, ಇಷ್ಟು ಸಿಗುವ ತನಕ ಸಾಯಬಾರದೆಂದುಕೊಂಡಳು.

ಮುಂದಿನ ಸುಗ್ಗಿಗೆ ಓಣಿಯ ಅಷ್ಟೂ ಕಣಜಗಳಿಗೆ ಸೊಪ್ಪು ಹಾಸಿದಳು, ಕರೆಯದವರ ಮನೆಗೂ ತಾನೇ ಹೋಗಿ. ಓಬಳೇಶಪ್ಪನ ಮನೆಯನ್ನು ಮಾತ್ರ ಬಿಟ್ಟು ಮುಂದೆ ನಡೆದಳು. ಓಣಿಯ ನುಸಿಗೆಲ್ಲ ಉಳಿದದ್ದು ಅದೊಂದೇ ಮನೆ. ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಅವನ ಬಿತ್ತನೆಯ ಬಿಳಿಜೋಳಕ್ಕೇ ಮುತ್ತಿದವು.

ಹಿಂಗಾರಿ ಬಿತ್ತನೆ ಹತ್ತಿರ ಬಂದಾಗ ಸಾಹುಕಾರ ಅವಳ ಗುಡಿಸಲಿಗೆ ಬಂದ.

“ಬೀಜದ ಜೋಳಕ್ಕ ನುಸಿ ಹತ್ತೈತಿ ಅಂಜಿನಕ್ಕ. ಬಂದು ಸೊಪ್ಪು ಹಾಸು.”

“ಮೊದ್ಲು ನನ್ನ ಗಂಟು ನೀವ ಹೊತ್ಕಂಡು ಕಟ್ಟಿ ತನಕ ನಡೀರಿ. ಅಲ್ಲೇ ಬಿಚ್ಚಿ ಜನಕ್ಕ ತೋರಿಸಿ, ತಪ್ಪು ಒಪ್ಕಳ್ರಿ. ಆಮ್ಯಾಲೆ ಮಾತು.”

ಅವನ ಮುಖ ಕೆಂಪಾಯಿತು. ಆದರೆ ಬೀಜ ಹೋದರೆ ಅಜ್ಜನ ಹೆಸರೂ ಹೋದಂತೆ. ಗಂಟು ಹೊತ್ತ. ಕಟ್ಟೆಯಲ್ಲಿ ಬಿಚ್ಚಿದ. ಸೊಪ್ಪು ಕೆದಕಿ ತೋರಿಸಿ, ತಲೆ ತಗ್ಗಿಸಿಕೊಂಡೇ ಹೇಳಿದ: “ಅಂಜಿನಕ್ಕ ಕಳ್ಳಿ ಅಲ್ಲ. ಅವತ್ತು ತಪ್ಪು ನಂದು.”

ಅಂಜಿನಕ್ಕನಿಗೆ ಒಂದೂವರೆ ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು. ಗಂಟು ಕಟ್ಟಿ ಎತ್ತಿಕೊಂಡಳು.

“ನಡಿ, ಹಾಸು ಬಾ,” ಎಂದ ಅವನು.

“ಲಕ್ಕಿ ಹೊರಗಿನ ನುಸಿ ತಡೀತೈತ್ರಿ. ಕಾಳಿನೊಳಗ ಹೊಕ್ಕಿದ್ದನ್ನ ಏನೂ ಮಾಡಂಗಿಲ್ಲ. ನಿಮ್ಮ ಬೀಜ ಯಾವಾಗ್ಲೋ ಟೊಳ್ಳಾಗೈತಿ.”

“ಇದನ್ನ ಮೊದ್ಲ ಹೇಳಕ ಏನಾಗಿತ್ತು?”

“ನಾ ಯಾಕ ಹೇಳ್ಲಿ? ಆ ಜೋಳ ಕೇರೋ ನಿಮ್ಮ ಮನಿಯಾಕಿಗೂ ಗೊತ್ತಿತ್ತಲ್ರಿ.”

ಓಬಳೇಶಪ್ಪ ತಿರುಗಿ ನೋಡಿದ. ಎದುರಿನ ಮನೆಯ ಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮ ಕಿವಿಯ ಬೆಂಡೋಲೆಯ ತಿರುಪು ಬಿಗಿ ಮಾಡಿಕೊಂಡು ಒಳಗೆ ಹೋದಳು.