ಎರಡು ಹೆಸರಿನ ಒಂದೇ ಮಾತ್ರೆ

ಆಸ್ಪತ್ರೆಗೆ ಹೊರಡುವಾಗ ನಾವು ಏನೇನು ಕಟ್ಟಿಕೊಳ್ಳುತ್ತೇವೆ? ಚಾದರ, ಫ್ಲಾಸ್ಕು, ಲೋಟ, ಒಂದು ಜೊತೆ ಬಟ್ಟೆ. ಮನೆಯ ಮಾತ್ರೆಗಳೂ ಚೀಲದ ತಳ ಸೇರುತ್ತವೆ. ಆದರೆ ಅವು ಅಲ್ಲಿವೆ ಎಂದು ಯಾರಿಗೂ ಹೇಳುವುದಿಲ್ಲ. ಗಂಡಸರ ವಾರ್ಡಿನಲ್ಲಿದ್ದ ಡ್ರೈವರ್ ತಾತನ ವಿಷಯದಲ್ಲೂ ಹೀಗೇ ಆಯಿತು.

ತಾತ ಬಸ್ಸು ಓಡಿಸಿ ನಿವೃತ್ತರಾದವರು. ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂದು ಒದ್ದಾಡುತ್ತಿದ್ದವರನ್ನು ಪಕ್ಕದ ಮನೆಯವರು ತಂದು ಸೇರಿಸಿದ್ದರು. ಮೊದಲಿನಿಂದ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು ಡಾಕ್ಟರು ಕೇಳಿದಾಗ ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ತಾತನಿಗೆ ಮಾತಾಡಲು ಉಸಿರಿರಲಿಲ್ಲ. ತಾತನ ಹೆಂಡತಿ, ನಮ್ಮ ಅಜ್ಜಿ, ಓಡೋಡಿ ಬರುವಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು.

ಆ ವಾರ್ಡಿನಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೆಲಸ ಕಲಿಯುತ್ತಿದ್ದಳು. ಗೆಳತಿಯರು ಅವಳಿಗೆ ‘ನಿಧಾನಿ’ ಎಂದು ಹೆಸರಿಟ್ಟಿದ್ದರು. ಮಾತ್ರೆ ತೆಗೆಯುವಾಗ ಅದರ ಹೆಸರು ಓದುತ್ತಾಳೆ, ಲೋಟಕ್ಕೆ ಹಾಕುವಾಗ ಮತ್ತೆ ಓದುತ್ತಾಳೆ, ಕೊಡುವ ಮುನ್ನ ಮಗದೊಮ್ಮೆ. “ನಿನ್ನ ಕೈಯಿಂದ ಮಾತ್ರೆ ಸಿಗೋ ಹೊತ್ತಿಗೆ ಕಾಯಿಲೆನೇ ಬೇಜಾರಾಗಿ ಎದ್ದು ಹೋಗುತ್ತೆ ಕಣೇ” ಎಂದು ಅವರು ನಗುತ್ತಿದ್ದರು. ಅವಳಿಗೂ ನಗು ಬರುತ್ತಿತ್ತು, ಸ್ವಲ್ಪ ನೋವೂ ಆಗುತ್ತಿತ್ತು.

ತಾತ ಸೇರಿದ ಮಾರನೆಯ ದಿನ ಬೆಳಿಗ್ಗೆ ಅವಳು ಮಾತ್ರೆಯ ಶೀಟು ಹಿಡಿದು ಅವರ ಮಂಚದ ಬಳಿ ಬಂದಳು.

“ತಾತ, ನಿಮ್ಮ ಪೂರ್ತಿ ಹೆಸರು ಹೇಳಿ.”

“ನಿನ್ನೆ ಇದ್ದ ಹೆಸರೇ ಇವತ್ತೂ ಇದೆಯಮ್ಮ” ಎಂದು ತಾತ ನಕ್ಕರು. ಆಮೇಲೆ ಹೆಸರು ಹೇಳಿದರು. ದನಿ ಸೋತಿತ್ತು.

“ಯಾಕೆ ತಾತ, ಸುಸ್ತಾ?”

“ಎದ್ದು ಕೂತರೆ ತಲೆ ತಿರುಗುತ್ತೆ. ವಯಸ್ಸಾಯ್ತಲ್ಲ.”

“ಮೊದಲು ಮಾತ್ರೆ ಕೊಡಮ್ಮ, ಮಾತು ಆಮೇಲೆ ಆಡು” ಎಂದು ಅಜ್ಜಿ ಮುಖ ಗಂಟು ಹಾಕಿದರು.

ಆ ಮಾತ್ರೆ ಎದೆಬಡಿತವನ್ನು ತಗ್ಗಿಸುವಂಥದ್ದು. ಕೊಡುವ ಮುನ್ನ ನಾಡಿ ನೋಡಲೇಬೇಕು. ಹುಡುಗಿ ತಾತನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಎಣಿಸಿದಳು. ಬಡಿತ ತೀರಾ ನಿಧಾನವಾಗಿತ್ತು. ಎಣಿಸಿದ್ದು ತಪ್ಪಾಯಿತೇನೋ ಎಂದು ಮತ್ತೊಮ್ಮೆ ಎಣಿಸಿದಳು. ಅಷ್ಟೇ ಇತ್ತು.

ಅವಳು ಡಾಕ್ಟರ ಚೀಟಿಯನ್ನು ಮತ್ತೆ ನೋಡಿದಳು. ಕೊಡು ಎಂದು ಡಾಕ್ಟರೇ ಬರೆದಿದ್ದಾರೆ, ಕಲಿಯಲು ಬಂದ ನಾನು ಯಾವ ಊರಿನ ದಾಸಯ್ಯ? ಆದರೆ ಬರೆದಾಗ ಇದ್ದ ನಾಡಿ ಈಗ ಇಲ್ಲವಲ್ಲ.

“ಈಗ ಕೊಡೋದಿಲ್ಲ ಅಜ್ಜಿ. ತಾತ, ಏಳಬೇಡಿ, ಮಲಗೇ ಇರಿ” ಎಂದು ಮಂಚದ ಬಳಿಯಿಂದಲೇ ಹಿರಿಯ ಸಿಸ್ಟರನ್ನು ಕೂಗಿದಳು.

“ಮಾತ್ರೆ ಕೊಡೋಕೂ ಬರದೇ ಇರೋರನ್ನ ಕಳಿಸ್ತಾರಲ್ಲ!” ಅಜ್ಜಿಯ ಮಾತು ಇಡೀ ವಾರ್ಡಿಗೆ ಕೇಳಿಸಿತು. ಹುಡುಗಿಯ ಕಣ್ಣು ತುಂಬಿತು. ಆದರೂ ಅವಳು ಕದಲಲಿಲ್ಲ.

ಹಿರಿಯ ಸಿಸ್ಟರ್ ಬಂದು ನಾಡಿ ನೋಡಿದರು, ರಕ್ತದ ಒತ್ತಡ ನೋಡಿದರು, ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಹುಡುಗಿ ಅಜ್ಜಿಯ ಪಕ್ಕ ಕೂತಳು.

“ಅಜ್ಜಿ, ತಾತ ಬೇರೆ ಏನಾದರೂ ಮಾತ್ರೆ ತಗೊಂಡರಾ?”

“ಇಲ್ಲವಲ್ಲ” ಎಂದರು ಅಜ್ಜಿ. ಆದರೆ ಅವರ ಕೈ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಯಾರೂ ನಿಮ್ಮನ್ನ ಬೈಯೋದಿಲ್ಲ. ಏನು ತಗೊಂಡಿದ್ದಾರೆ ಅಂತ ಗೊತ್ತಾದರೆ ಏನು ಮಾಡಬೇಕು ಅಂತ ಡಾಕ್ಟರಿಗೆ ತಿಳಿಯುತ್ತೆ, ಅಷ್ಟೇ.”

ಅಜ್ಜಿ ಗಂಡನ ಮುಖ ನೋಡಿದರು. ಮೆಲ್ಲಗೆ ಚೀಲದಿಂದ ಒಂದು ಮಾತ್ರೆ ಶೀಟು ತೆಗೆದರು. “ಬೀಪೀದು. ಒಂದು ದಿನಾನೂ ತಪ್ಪಿಸಬೇಡಿ ಅಂತ ನಮ್ಮ ಡಾಕ್ಟರೇ ಹೇಳಿದ್ದು. ಇಲ್ಲಿಯವರು ನಿಲ್ಲಿಸಿಬಿಡ್ತಾರೇನೋ ಅಂತ ನಿನ್ನೇನೂ ಇವತ್ತೂ ನಾನೇ ಕೊಟ್ಟೆ. ನಿಮ್ಮದು ಬಿಳಿ, ಇದು ಗುಲಾಬಿ. ಬೇರೆ ಅಲ್ಲವಾ?”

ಹುಡುಗಿ ಅದನ್ನೂ ತನ್ನ ಕೈಯಲ್ಲಿದ್ದ ವಾರ್ಡಿನ ಶೀಟನ್ನೂ ಪಕ್ಕಪಕ್ಕ ಹಿಡಿದಳು. ದೊಡ್ಡ ಅಕ್ಷರದ ಹೆಸರುಗಳು ಬೇರೆ ಬೇರೆ. ಕೆಳಗೆ ಸಣ್ಣ ಅಕ್ಷರದಲ್ಲಿದ್ದದ್ದು ಒಂದೇ ಹೆಸರು.

“ಅಜ್ಜಿ, ತಾತನ್ನ ಮನೇಲಿ ಏನಂತ ಕರೀತಾರೆ?”

“ದೊಡ್ಡಣ್ಣ ಅಂತ.”

“ಡಿಪೋದಲ್ಲಿ?”

“ಮೀಸೆ ಡ್ರೈವರ್ ಅಂತಿದ್ದರು.”

“ಹೆಸರು ಎರಡು, ಆಳು ಒಬ್ಬರೇ ಅಲ್ಲವಾ? ಇದೂ ಹಾಗೇ. ಮೇಲಿನದು ಕಂಪನಿ ಇಟ್ಟ ಹೆಸರು, ಕೆಳಗಿನದು ಔಷಧಿಯ ನಿಜವಾದ ಹೆಸರು. ನೀವೂ ಕೊಟ್ಟಿರಿ, ನಾವೂ ಕೊಟ್ಟೆವು. ಇದು ಬೀಪೀಗೂ ಕೊಡೋ ಔಷಧಿ, ಗುಂಡಿಗೆಯ ಓಟಕ್ಕೂ ಹಿಡಿತ ಹಾಕುತ್ತೆ.”

ಮಲಗಿದ್ದಲ್ಲಿಂದಲೇ ತಾತ ಕ್ಷೀಣವಾಗಿ ಅಂದರು: “ಗೊತ್ತಾಯ್ತು ಬಿಡೇ. ನೀನೂ ಇವರೂ ಸೇರಿ ಎರಡೆರಡು ಬ್ರೇಕ್ ಹಾಕಿಬಿಟ್ಟಿದ್ದೀರಿ. ಗಾಡಿ ನಿಂತೇಹೋಗ್ತಿತ್ತು.”

ಡಾಕ್ಟರು ಬಂದು ಇ.ಸಿ.ಜಿ. ಮಾಡಿಸಿದರು, ಆ ಮಾತ್ರೆಯನ್ನು ಸದ್ಯಕ್ಕೆ ತಡೆದರು. “ಇವತ್ತಿನದೂ ಹೊಟ್ಟೆ ಸೇರಿದ್ದಿದ್ದರೆ ಜೀವಕ್ಕೇ ಕಷ್ಟ ಆಗ್ತಿತ್ತು” ಎಂದು ಹೇಳಿ ಹುಡುಗಿಯ ಕಡೆ ತಿರುಗಿ ಮೆಚ್ಚಿ ತಲೆದೂಗಿದರು. ದಿನವಿಡೀ ತಾತನ ಮೇಲೆ ಕಣ್ಣಿಟ್ಟಿದ್ದರು. ಸಂಜೆಯ ಹೊತ್ತಿಗೆ ನಾಡಿ ಹದಕ್ಕೆ ಬಂತು, ತಾತ ಒರಗಿ ಕೂತು ಚಹಾ ಕುಡಿದರು.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಒಳ್ಳೇದು ಮಾಡೋಕೆ ಹೋಗಿ ನಾನೇ ಕೆಟ್ಟದ್ದು ಮಾಡ್ತಿದ್ದೆನಲ್ಲ. ಮೇಲಿಂದ ಈ ಮಗೂನ ಬೈದೆ.”

“ನಿಮ್ಮೊಬ್ಬರದೇ ತಪ್ಪಲ್ಲಮ್ಮ” ಎಂದರು ಹಿರಿಯ ಸಿಸ್ಟರ್. “ನೀವು ಬಂದ ಮೇಲೆ ನಾವು ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ.”

ಮನೆಗೆ ಹೊರಡುವ ದಿನ ಡಾಕ್ಟರು ಒಂದೇ ಮಾತ್ರೆ ಬರೆದುಕೊಟ್ಟರು. ಅಜ್ಜಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಸಣ್ಣ ಅಕ್ಷರದ ಹೆಸರನ್ನು ಓದಿಸಿದರು. ತಡವರಿಸುತ್ತಾ, ನಾಲಗೆ ಹೊರಳುವವರೆಗೂ ಅದನ್ನೇ ಹೇಳಿಕೊಂಡರು. ತಾತ ಮೀಸೆಯಡಿ ನಕ್ಕರು: “ಇಷ್ಟು ವರ್ಷದಲ್ಲಿ ನನ್ನ ಹೆಸರನ್ನೇ ಇಷ್ಟು ಸಲ ಹೇಳಿದವಳಲ್ಲ ಇವಳು!”

ಓದುತ್ತಿರುವ ಅಕ್ಕ, ಅಣ್ಣಂದಿರೇ, ಕಾಯಿಲೆಯವರು ಮನೆಯಲ್ಲಿ ತೆಗೆದುಕೊಳ್ಳುವ ಪ್ರತಿಯೊಂದು ಔಷಧಿಯನ್ನೂ ಡಾಕ್ಟರಿಗೋ ಸಿಸ್ಟರಿಗೋ ತೋರಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ನೀವಾಗಿಯೇ ಯಾವುದನ್ನೂ ಸೇರಿಸಬೇಡಿ, ನೀವಾಗಿಯೇ ನಿಲ್ಲಿಸಲೂಬೇಡಿ.

ನರ್ಸಿಂಗ್ ಕಲಿಯುತ್ತಿರುವ ಮಕ್ಕಳೇ, ಔಷಧಿ ಯಾರಿಗೆ, ಯಾವುದು, ಎಷ್ಟು, ಯಾವಾಗ, ಹೇಗೆ ಎಂದು ಪ್ರತಿ ಸಲವೂ ನೋಡಿ. ಅವಸರ ಮಾಡುವವರು ಅವಸರ ಮಾಡಲಿ, ರೇಗುವವರು ರೇಗಲಿ. ಮನಸ್ಸಿನಲ್ಲಿ ಒಂದೆಳೆ ಅನುಮಾನ ಎದ್ದರೂ ಕೈ ತಡೆಯಿರಿ, ಹಿರಿಯರನ್ನು ಕೂಗಿ ಕೇಳಿ. ಕೇಳಿ ಕೆಟ್ಟವರಿಲ್ಲ.