ವೈಜನಾಥ ಇವರಿಂದ ಬಾಡಿಗಿ ಮುಟ್ಟಿತು

ನನ್ನ ದನಿ ದೊಡ್ಡದು. ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿ ಬಾಜೂಕ ನಿಂತು ಮಾತಾಡಿದಾಕಿ, ಸಣ್ಣ ದನಿ ಎಲ್ಲಿಂದ ತರಲಿ? ಗೋಧಿ ಸಣ್ಣಗ ಬೀಸಲೋ ದಪ್ಪ ಬೀಸಲೋ ಅಂತ ಕೇಳಿದರೂ ಹುಮನಾಬಾದದ ಬಜಾರದಾಗ ಹೋಗೋರು ಬರೋರು "ಭಾಗಮ್ಮ ಜಗಳಕ್ಕ ನಿಂತಾಳ" ಅಂತ ನಗತಾರ. ಅಂಥಾಕಿ ನಾನು, ಆವತ್ತು ಗುರುನಾಥ ಬಂದು ನಾಕು ಮಾತು ಹೇಳಿದಾಗ ತುಟಿ ಪಿಟಕ್ಕನ್ನಲಿಲ್ಲ.

ಗುರುನಾಥ ನಮ್ಮ ಮಾಲಕ. ಗಿರಣಿ ನಮ್ಮದು, ಅದು ಕುಂತ ಜಾಗ ಅವರದು. ಅವನ ಅಪ್ಪ ಶಂಕರಲಿಂಗ ಸಾವಕಾರ್ರ ಕಡೆ ನನ್ನ ಗಂಡ ವೈಜನಾಥ ಅದನ್ನ ಬಾಡಿಗಿಗೆ ಹಿಡಿದಿದ್ದರು. ಎರಡನೇ ಸಲ ಕೊರೊನಾ ಬಂದಾಗ ನನ್ನ ಗಂಡ ಹೋದರು. ಮಾರಿ ನೋಡಾಕ ಸೈತ ಸಿಗಲಿಲ್ಲ. ಹದಿನಾಕು ದಿನ ಕಳದು ನಾನು ಶಟರ್ ಎತ್ತಿದೆ. ಎತ್ತಲಾರದ ಏನು ತಿನ್ನಬೇಕಿತ್ತು? ಹ್ವಾದ ವರ್ಷ ಸಾವಕಾರ್ರೂ ತೀರಿಕೊಂಡರು.

"ವೈನಿ, ಕೋರ್ಟು ಕಚೇರಿ ಬ್ಯಾಡ ಅಂತ ಖುದ್ದ ಬಂದೀನಿ," ಅಂದ ಗುರುನಾಥ. "ವೈಜನಾಥ ಅಣ್ಣ ಹೋಗಿ ಐದು ವರ್ಷ ಆತು. ಬಾಡಿಗಿದಾರ ಸತ್ತರ ಮನಿಯವರಿಗೆ ಐದೇ ವರ್ಷ ಹಕ್ಕು ಅಂತ ಬಾಡಿಗಿ ಕಾಯ್ದೆದಾಗ ಅದ. ಅದು ಮುಗೀತು. ನನ್ನ ಹೆಂಡತಿ ಪೂನಂ ಬ್ಯೂಟಿ ಪಾರ್ಲರ್ ಕಲತಾಳ, ಆಕಿಗೆ ಜಾಗ ಬೇಕು. ನಮ್ಮಪ್ಪ ಹತ್ತು ವರ್ಷ ಬಾಡಿಗಿ ಏರಿಸಲಿಲ್ಲ. ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ ಆಗಬಾರದು ನೋಡ್ರಿ. ನಂದೂ ಸಂಸಾರ ಅದ."

ಅವ ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರ ಬೈದರೂ ಬೈತಿದ್ದೆ. ಆದರ ಜಾಗ ಹೋದರ ಗಿರಣಿ ಹೋತು. ನೆಲಕ್ಕ ಬೋಲ್ಟ್ ಹಾಕಿ ಕೂಡಿಸಿದ ಮಶೀನು ಅದು, ಮೂರು ಫೇಸಿನ ಕರೆಂಟು. ಹೊಸ ಜಾಗಕ್ಕ ಈಗಿನವರು ಕೇಳೋ ಡಿಪಾಜಿಟ್ಟಿಗೆ ಗಿರಣಿ ಮಾರಿದರೂ ಸಾಲಂಗಿಲ್ಲ.

ಹುಮನಾಬಾದದಾಗ ನನಗ ಗೊತ್ತಿದ್ದ ವಕೀಲರೆಲ್ಲ ಗುರುನಾಥನ ಕೂಡ ಚಾ ಕುಡಿಯೋರು. ಅದಕ್ಕ ರಸೀದಿ ಇಟ್ಟಿದ್ದ ಬಿಸ್ಕೀಟಿನ ಡಬ್ಬಿ ಬಗಲಾಗ ಹಿಡಕೊಂಡು ಬಸವಕಲ್ಯಾಣದ ಬಸ್ ಹತ್ತಿದೆ. ಅಲ್ಲಿ ತಹಸೀನ್ ಅಂತ ಒಬ್ಬಾಕಿ ವಕೀಲ ಅದಾಳ, ಬಾಡಿಗಿ ಕೇಸ್ ನಡಸತಾಳ ಅಂತ ಗಿರಾಕಿಯೊಬ್ಬರು ಹೇಳಿದ್ದರು.

"ಜರಾ ಸಣ್ಣಗ ಮಾತಾಡ್ರಿ ಅಕ್ಕಾ, ಒಳಗ ನಮ್ಮ ಅಮ್ಮೀ ಮಲಗ್ಯಾರ," ಅಂತ ಮೊದಲ ಹೇಳಿದಳು. ಆಮ್ಯಾಲ ಗಿರಣಿ ಎಷ್ಟು ಉದ್ದ, ಎಷ್ಟು ಅಗಲ ಅಂತ ಕೇಳಿ ಬರಕೊಂಡಳು. "ಹದಿನಾಕು ಚದರ ಮೀಟರಿನ ಒಳಗ ಅದ, ಛಲೋ ಆತು. ಇಷ್ಟು ಸಣ್ಣ ಅಂಗಡಿಗೆ ಕಾಯ್ದೆದ ಆಸರಾ ಅದ. ಮಾಲಕ ಸುಮ್ಮನ ಎದ್ದು ಹೋಗು ಅನ್ನಾಕ ಬರಂಗಿಲ್ಲ."

ನನ್ನ ಜೀವ ಒಂದು ಗಳಿಗಿ ತಂಪಾತು.

"ಆದರ ಬಾಡಿಗಿದಾರ ಯಾರು? ನೀವೋ, ನಿಮ್ಮ ಯಜಮಾನರೋ?"

"ಅವರು ಸತ್ತು ಐದು ವರ್ಷ ಆತಲ್ರಿ! ತಿಂಗಳಾ ತಿಂಗಳಾ ಕೊಟ್ಟಾಕಿ ನಾನು."

"ಹಂಗಾದರ ಅವರು ಹೋದ ಮ್ಯಾಲಿನ ರಸೀದಿ ತೋರಸ್ರಿ. ನಿಮ್ಮ ಹೆಸರೀಲೆ ಒಂದು ಇದ್ದರೂ ಸಾಕು. ಸಾವಕಾರ್ರು ನಿಮ್ಮನ್ನ ಬಾಡಿಗಿದಾರಳು ಅಂತ ಒಪ್ಪಿದಂಗ ಆತು ಅಂತ ನಾ ವಾದ ಮಾಡತೀನಿ. ಐದು ವರ್ಷದ ಮಾತೇ ಬರಂಗಿಲ್ಲ."

ನಾನು ಡಬ್ಬಿ ಮುಚ್ಚಳ ತೆಗೀಲಿಲ್ಲ. ಆಕೀನ ತೆಗೆದಳು. ಒಂದೊಂದ ತಿರವಿ ಹಾಕಿದಳು. ಎಲ್ಲಾದರಾಗೂ ಸಾವಕಾರ್ರ ದುಂಡನ ಅಕ್ಷರ, ಅವರು ಹೋದ ಮ್ಯಾಲ ಗುರುನಾಥನ ಓಡಿಸಿ ಬರದ ಅಕ್ಷರ, ಮಾತು ಮಾತ್ರ ಅದೇ: ವೈಜನಾಥ ಇವರಿಂದ ಬಾಡಿಗಿ ಮುಟ್ಟಿತು.

"ಯಾ ಅಲ್ಲಾ! ಸತ್ತವರ ಹೆಸರೀಲೆ ಐದು ವರ್ಷ ರಸೀದಿ! ನಿಮ್ಮ ಸಾವಕಾರ್ರು ಭಾಳ ಹುಷಾರ್ ಮನಷ್ಯಾ, ಅಕ್ಕಾ. ಬೇಕಂತ ಮಾಡ್ಯಾರ."

"ಅವರನ್ನ ಅನಬ್ಯಾಡ್ರಿ," ಅಂದೆ. "ಅದು ನನ್ನ ಕೆಲಸ."

ಖರೆ ಅದು. ಗಂಡ ಹೋದ ಮ್ಯಾಲಿನ ಮೊದಲ ತಿಂಗಳು ಸಾವಕಾರ್ರು ಚಷ್ಮಾ ಏರಿಸಿ, "ಭಾಗಮ್ಮ, ಇನ್ನ ಮ್ಯಾಲ ನಿನ್ನ ಹೆಸರು ಹಾಕತೀನಿ, ತಂಗಿ. ಕಾಗದ ಸರಿ ಇರಲಿ," ಅಂದಿದ್ದರು. ಆ ತಿಂಗಳು ಊರೆಲ್ಲಾ ನನ್ನ ಗಂಡನ ಹೆಸರು ಹೊಡದು ಹಾಕಾಕ ನಿಂತಿತ್ತು. ರೇಶನ್ ಕಾರ್ಡಿನಾಗ ತೆಗೆದರು, ಪಾಸಬುಕ್ಕಿನಾಗ ತೆಗೆದರು, ಕರೆಂಟ್ ಬಿಲ್ಲಿನಾಗೂ ತೆಗೆದರು. "ನೀವೂ ಹೊಡೀತೀರೇನು? ನೀವೊಬ್ಬರಾದರೂ ಬಿಡ್ರಿ! ಕಾಗದ ಹಾಳಬಾವಿಗೆ ಬೀಳಲಿ!" ಅಂತ ಆ ಮುದುಕರ ಮ್ಯಾಲ ಬಜಾರಿಗೆ ಕೇಳಂಗ ಒದರಿದೆ. ಅವರು ಸುಮ್ಮನ ವೈಜನಾಥ ಅಂತ ಬರದು ಕೊಟ್ಟರು. ಮರುವರ್ಷ ದೀಪಾವಳಿಗೆ ಮತ್ತೊಮ್ಮೆ ಕೇಳಿದರು. ಮತ್ತ ಬ್ಯಾಡಂದೆ.

ಪ್ರತಿ ತಿಂಗಳು ರಸೀದಿ ಬಂದ ದಿನ ಗಿರಣಿ ಬಂದ್ ಮಾಡಿ ಆ ಹೆಸರು ಓದತಿದ್ದೆ. ಮತ್ತೊಬ್ಬರ ಕೈಯಾಗ ಬರದ ಅವರ ಹೆಸರು. ಹೊರಗ ಎಲ್ಲೋ ಇನ್ನೂ ಅದಾರ, ಮಂದಿ ಅವರನ್ನ ಕಂಡು ಬರದಾರ ಅನಸತಿತ್ತು. ಎದಿ ತುಂಬಿ ಬರತಿತ್ತು. ಹುಚ್ಚಿ ಅನ್ರಿ ಬೇಕಾದರ.

ತಹಸೀನ್ ರಸೀದಿ ಎಲ್ಲಾ ಒಟ್ಟು ಮಾಡಿ ಡಬ್ಬಿಗೆ ಹಾಕಿದಳು. "ಕೇಸ್ ಹಾಕಿ ಎರಡು ವರ್ಷ ಎಳೀಬಹುದು, ಅಕ್ಕಾ. ಗೆಲ್ಲೂದು ಕಷ್ಟ. ಜಜ್ ಸಾಹೇಬರು ಮೊದಲ ನೋಡೂದು ಇವನ್ನ." ಫೀಸು ಕೊಡಾಕ ಹೋದರ ಕೈ ಹಿಂದ ಸರಸಿದಳು.

ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ತಿರುಗಿ ಬರೂ ಬಸ್ಸಿನಾಗ ನನಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ದಿನಾ ಗಿರಣಿ ನಿಂತ ಮ್ಯಾಲ ಕೈ ಒಂದು ತಾಸು ಜೋಮು ಹಿಡದಿರತಾವ, ಹಂಗ ಮೈಯೆಲ್ಲಾ ಆಗಿತ್ತು. ಕಂಡಕ್ಟರ್ ಎಲ್ಲಿಗೆ ಅಂತ ಎರಡು ಸಲ ಕೇಳಿದ ಮ್ಯಾಲ ಹುಮನಾಬಾದ ಅಂದೆ.

ಕೇಸ್ ಹಾಕಲಿಲ್ಲ ನಾನು. ಗುರುನಾಥ ಮೂರು ತಿಂಗಳು ಟೈಮ್ ಕೊಟ್ಟ. ದುಬಲಗುಂಡಿಯ ನರಸಿಂಗ ಅನ್ನಾಂವ ಗಿರಣಿ ಕೊಂಡ. ಬೋಲ್ಟ್ ಕಿತ್ತು ಟೆಂಪೋಕ್ಕ ಏರಿಸಿದ ಮ್ಯಾಲ ನೆಲದಾಗ ನಾಕು ತೂತು ಉಳದವು. ಅವುಗಳಾಗಿನ ಹಿಟ್ಟು ಸೈತ ಕಸಬರಗಿಲೆ ತೆಗೆದೆ.

ಕೊನೇ ಬಾಡಿಗಿ ಇಸಗೊಂಡು ಗುರುನಾಥ ರಸೀದಿ ಪುಸ್ತಕ ತೊಡಿ ಮ್ಯಾಲ ಇಟಗೊಂಡ.

"ಗುರುನಾಥ," ಅಂದೆ. "ಇದೊಂದಾದರೂ ನನ್ನ ಹೆಸರೀಲೆ ಬರಿಯಪ್ಪಾ."

ಅವನ ಪೆನ್ನು ನಿಂತಿತು. ಮಾರಿ ಎತ್ತಲಿಲ್ಲ. "ಬ್ಯಾರೆ ಏನಾರ ಕೇಳ್ರಿ, ವೈನಿ. ನಿಮ್ಮ ಹೆಸರು ಮಾತ್ರ ಬರೀಬ್ಯಾಡ ಅಂತ ವಕೀಲರು ಹೇಳ್ಯಾರ."

ವೈಜನಾಥ ಅಂತ ಬರದು, ಹರದು ಕೈಗೆ ಕೊಟ್ಟ. ರೂಢಿ ನೋಡ್ರಿ, ಅಲ್ಲೇ ನಿಂತು ಓದಿದೆ. ಮತ್ತೊಮ್ಮೆ ಓದಿದೆ. ಐದು ವರ್ಷ ತಿಂಗಳಾ ತಿಂಗಳಾ ಎದಿ ತುಂಬಿಸಿದ ಹೆಸರು. ಏನೂ ಆಗಲಿಲ್ಲ. ಅಂಗಡಿ ಹೋದದ್ದಕ್ಕ ಅಲ್ಲ, ಎದಿ ತುಂಬಲಿಲ್ಲಲ್ಲ, ಅದಕ್ಕ ನನಗ ಅಂಜಿಕಿ ಬಂತು.

"ಸರಿ ಅದ ಏನ್ರಿ?" ಅಂತ ಕೇಳಿದ ಗುರುನಾಥ.

"ಸರಿ ಅದ," ಅಂದೆ. ಗಿರಣಿ ಇರಲಿಲ್ಲ, ಆದರೂ ಒದರಿ ಹೇಳಿದೆ.