ಅವಳ ನೂಲು ಯಾವುದು

ಹರಿದ ಬಟ್ಟೆಯನ್ನು ಹರಿದ ಗುರುತೂ ಉಳಿಯದಂತೆ ರಫೂ ಮಾಡುವುದರಲ್ಲಿ ಮುದುಕನ ಕೈಗೆ ಸಾಟಿಯಿರಲಿಲ್ಲ. ಅಂಥ ಕೈ ಎಂಟು ತಿಂಗಳಿಂದ ಒಂದು ಶಾಲಿನ ಮುಂದೆ ಸೋತು ಕೂತಿತ್ತು.

ಶಾಲು ಅವನ ಹೆಂಡತಿಯದು. ಬೂದು ಉಣ್ಣೆಯದು, ಮದುವೆಯಾದ ವರ್ಷ ಅವಳೇ ಮಗ್ಗದಲ್ಲಿ ಕೂತು ನೇಯ್ದದ್ದು. ಕಣ್ಣು ಮುಚ್ಚುವ ಮುನ್ನ, "ಇದು ತಂಗಿಗೆ" ಎಂದಿದ್ದಳು. ಆ ತಂಗಿ, ಅವನ ನಾದಿನಿ, ಕಾಲೇಜಿನಲ್ಲಿ ಪಶ್ಚಿಮದ ತತ್ವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪ್ರತಿ ಭಾನುವಾರ ಬರುತ್ತಿದ್ದಳು. ಶಾಲನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಅವನೇ ಮೊದಲು ಮಾತೆತ್ತಿ, "ಒಂದು ಕಡೆ ರಫೂ ಬಾಕಿ ಇದೆ" ಎನ್ನುತ್ತಿದ್ದ. ಅದು ಸುಳ್ಳು. ದಿನಾ ಬೆಳಿಗ್ಗೆ ಬುದ್ಧನ ಮುಂದೆ ದೀಪ ಹಚ್ಚಿ, ಸುಳ್ಳಾಡುವುದಿಲ್ಲವೆಂದು ಕೈಮುಗಿಯುವವನಿಗೆ ಆ ಮಾತು ಪ್ರತಿ ವಾರವೂ ಚುಚ್ಚುತ್ತಿತ್ತು.

ಆ ಭಾನುವಾರ ನಾದಿನಿ ಪುಸ್ತಕದೊಂದಿಗೆ ಬಂದು, ನೂಲಿನ ಉಂಡೆಗಳನ್ನು ಸರಿಸಿ ಕೂತಳು.

"ಕೇಳಿ ಭಾವ. ಪಶ್ಚಿಮದ ಒಬ್ಬ ಪಂಡಿತ, 'ನಾನು' ಅನ್ನೋದು ಎಲ್ಲಿದೆ ಅಂತ ತನ್ನೊಳಗೇ ಹುಡುಕಿದ. ಒಂದ್ಸಲ ಚಳಿ ಸಿಕ್ತು, ಒಂದ್ಸಲ ಸಿಟ್ಟು ಸಿಕ್ತು. ಇದನ್ನೆಲ್ಲ ಹಿಡ್ಕೊಂಡಿರೋ 'ನಾನು' ಮಾತ್ರ ಸಿಗಲೇ ಇಲ್ಲ."

"ಬುದ್ಧ ಎಷ್ಟೋ ಹಿಂದೆ ಹೇಳಿದ್ದನ್ನ ನಿಮ್ಮೋನು ಕೋಟು ಹಾಕ್ಕೊಂಡು ಹೇಳಿದಾನೆ, ಅಷ್ಟೇ."

"ಹೊಟ್ಟೆಕಿಚ್ಚು ಪಡಬೇಡಿ. ಆಮೇಲೇನು ಮಾಡಿದ ಗೊತ್ತಾ? ತಲೆ ಕೆಟ್ಟು, ಸ್ನೇಹಿತರ ಜೊತೆ ಊಟ ಮಾಡಿ ದಾಳ ಉರುಳಿಸ್ತಾ ಕೂತ."

"ನೋಡಿದ್ಯಾ ಮೇಡಂ? ಎದ್ದು ಹೋದ! ಬುದ್ಧ ಏಳಲಿಲ್ಲ. ಹಂಬಲ ಬಿಡೋವರೆಗೂ ಕೂತ. ದಾರಿ ಇರೋದು ಅಲ್ಲಿಂದ ಮುಂದೆ."

"ನೀವೂ ಎಂಟು ತಿಂಗಳಿಂದ ಕೂತಿದೀರಲ್ಲ ಭಾವ. ಏನು ಬಿಟ್ರಿ?"

"ಶಾಲು ಮುಂದಿನ ವಾರ ಕೊಡ್ತೀನಿ" ಎಂದಷ್ಟೇ ಹೇಳಿದ.

ಗುರುವಾರದ ಹೊತ್ತಿಗೆ ಒಂದು ಉಪಾಯ ಕಂಡಿತು. ತನ್ನ ರಫೂ ತಾಗದೆ ಹೆಂಡತಿ ನೇಯ್ದ ನೂಲೇ ಉಳಿದಿರುವ ಕಡೆ ಗೇಣಗಲ ಕತ್ತರಿಸಿ ತಾನಿಟ್ಟುಕೊಳ್ಳುವುದು, ಅಂಚು ಮಡಿಸಿ ಹೊಲಿದು ಉಳಿದದ್ದನ್ನು ಕೊಡುವುದು. ಕಿಟಕಿಯ ಬಿಸಿಲಿಗೆ ಶಾಲು ಹರಡಿ, ಭೂತಗನ್ನಡಿ ಹಿಡಿದು ಹುಡುಕತೊಡಗಿದ.

ಮೂಲೆಯಲ್ಲಿ ಅವಳ ನೂಲು ಇದ್ದೇ ಇರುತ್ತದೆ ಎಂದುಕೊಂಡಿದ್ದ. ಆದರೆ ಹಿಂದೊಮ್ಮೆ ಶಾಲಿನ ನಡುವೆ ಕಿಡಿ ಬಿದ್ದು ಸುಟ್ಟಾಗ ಆ ಮೂಲೆಯಿಂದಲೇ ಎಳೆ ಬಿಡಿಸಿ ತೂತು ತುಂಬಿದ್ದ. ಮೂಲೆಗೆ ಅಂಗಡಿಯ ಉಣ್ಣೆ ಸೇರಿಸಿದ್ದ. ಹೆಗಲ ಭಾಗವನ್ನು ಇಲಿ ಕಡಿದಿತ್ತು. ಆಗಲೂ ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ. ಪ್ರತಿಸಲವೂ, "ಎಲ್ಲಿ ರಫೂ ಮಾಡಿದೀನಿ, ತೋರಿಸು ನೋಡೋಣ" ಎಂದು ಅವಳಿಗೆ ಸವಾಲು ಹಾಕಿದ್ದ. ಅವಳು ಹುಡುಕಿ ಹುಡುಕಿ ಸೋತು, "ನಿಮ್ಮ ಕೈಗೆ ಬೆಂಕಿ ಬೀಳ್ಲಿ" ಎಂದು ನಕ್ಕಿದ್ದಳು.

ಈಗ ತನ್ನ ಕೈಚಳಕಕ್ಕೆ ತಾನೇ ಸಿಕ್ಕಿಬಿದ್ದಿದ್ದ. ಮೂರು ಸಲ ಕತ್ತರಿ ಎತ್ತಿದ, ಮೂರು ಸಲ ಇಳಿಸಿದ. ಇದು ಅವಳದು, ಇದು ನನ್ನದು ಎಂದು ಬೆರಳಿಟ್ಟು ಹೇಳಬಹುದಾದ ಒಂದು ಗೇಣು ಜಾಗವೂ ಇರಲಿಲ್ಲ. ಶಾಲು ಮಾತ್ರ ಬೆಚ್ಚಗಿತ್ತು.

ಅವನು ಏಳಲಿಲ್ಲ. ಉಸಿರು ಬಂದು ಹೋಗುವುದನ್ನು ನೋಡುತ್ತಾ ಕೂತ. ಅಳು ಬಂತು, ಅದನ್ನೂ ನೋಡಿದ; ಅದೂ ಹೋಯಿತು. ಬಿಸಿಲು ಮೇಜಿನಿಂದ ಜಾರಿದಾಗ ಕತ್ತರಿಯನ್ನು ಡಬ್ಬಿಗೆ ಹಾಕಿ ಶಾಲು ಮಡಿಸಿದ.

ಭಾನುವಾರ ನಾದಿನಿ ಅದನ್ನು ಹೊದ್ದು, ಬೆರಳಾಡಿಸಿದಳು. "ಎಲ್ಲಿ ಬಾಕಿ ಇತ್ತು ರಫೂ?"

"ಎಲ್ಲೂ ಇರಲಿಲ್ಲ. ಸುಳ್ಳು ಹೇಳಿದ್ದೆ."

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ಅಕ್ಕ ಹೇಳಿದ್ಲು, ಭಾವನಿಗೆ ಒಂದು ವರ್ಷ ಬೇಕಾಗುತ್ತೆ, ಅವಸರ ಮಾಡಬೇಡ ಅಂತ."

ಮುದುಕ ಇಳಿಬಿದ್ದ ಶಾಲಿನ ಅಂಚನ್ನು ಎಳೆದು ನೇರ ಮಾಡಿದ. ಆಮೇಲೆ ಕಸುಬುದಾರನ ಗತ್ತಿನಲ್ಲಿ, "ಹಾಗಾದ್ರೆ ನಾಲ್ಕು ತಿಂಗಳು ಮೊದಲೇ ಮುಗಿಸಿದೆ" ಎಂದ. "ಆ ಕಪಾಟಿನ ಮೇಲೆ ನಿಮ್ಮಕ್ಕ ಆಡ್ತಿದ್ದ ದಾಳ ಇದೆ, ತೆಗಿ, ಒಂದಾಟ ಆಡೋಣ. ನಿಮ್ಮ ಪಂಡಿತ ಎದ್ದು ಹೋಗಿದ್ದು ಅಷ್ಟೇನೂ ತಪ್ಪಲ್ಲ."